ಪಕ್ಕದ ಕಂಪ್ಯೂಟರ್‌ನ ಫೋಲ್ಡರ್ ತೆರೆಯದಿದ್ದಾಗ

ಒಂದು ಸಣ್ಣ ಮುದ್ರಣಾಲಯ ಎಂದಿಟ್ಟುಕೊಳ್ಳಿ. ಪುಟವಿನ್ಯಾಸಕ್ಕೆ ಮ್ಯಾಕ್, ಬಿಲ್ಲು ಲೆಕ್ಕಪತ್ರಕ್ಕೆ ವಿಂಡೋಸ್, ಹಳೆಯದಾಯಿತೆಂದು ಮೂಲೆ ಸೇರಿದ್ದ ಮತ್ತೊಂದು ಕಂಪ್ಯೂಟರ್‌ಗೆ ಉಬುಂಟು ಹಾಕಿ ಎಲ್ಲರ ಫೈಲ್‌ಗಳನ್ನೂ ಅದರಲ್ಲಿಟ್ಟಿದ್ದಾರೆ. ನಿನ್ನೆ ಸಂಜೆಯವರೆಗೆ ಎಲ್ಲರಿಗೂ ತೆರೆಯುತ್ತಿದ್ದ ಫೋಲ್ಡರ್ ಇವತ್ತು ಬೆಳಿಗ್ಗೆ ಒಬ್ಬರಿಗೆ ತೆರೆಯುತ್ತಿಲ್ಲ. ಇಂಥ ಹೊತ್ತಿನಲ್ಲಿ ನಾಲ್ಕು ಕಡೆಯಿಂದ ಸಲಹೆಗಳು ಬಂದು ಬೀಳುತ್ತವೆ: ಫೈರ್‌ವಾಲ್ ಆಫ್ ಮಾಡಿ, ಎಸ್‌ಎಂಬಿ 1 ಆನ್ ಮಾಡಿ, ಫೋಲ್ಡರ್ ಮೇಲೆ 'ಎವ್ರಿವನ್'ಗೆ ಪೂರ್ತಿ ಅಧಿಕಾರ ಕೊಡಿ, ಲಿನಕ್ಸ್ ಕಡೆ ಎಲ್ಲರಿಗೂ ಎಲ್ಲ ಅನುಮತಿ ಕೊಡುವ 777 ಹಾಕಿ, ಪಾಸ್‌ವರ್ಡ್ ಕೇಳುವುದನ್ನೇ ತೆಗೆದುಬಿಡಿ. ಐದೂ ಒಂದೇ ಜಾತಿಯ ಸಲಹೆಗಳು. ಯಾವುದೋ ಒಂದು ಬಿಗಿಯನ್ನು ಸಡಿಲಿಸುವಂಥವು. ಐದನ್ನೂ ಒಟ್ಟಿಗೆ ಮಾಡಿದರೆ ಹಲವು ಸಲ ಫೋಲ್ಡರ್ ತೆರೆದುಕೊಳ್ಳುತ್ತದೆ ಕೂಡ. ಆದರೆ ಯಾವುದರಿಂದ ತೆರೆಯಿತು ಎಂಬುದು ಯಾರಿಗೂ ತಿಳಿಯುವುದಿಲ್ಲ. ಬೇಡದ ನಾಲ್ಕು ಸಡಿಲಿಕೆಗಳು ವರ್ಷಗಟ್ಟಲೆ ಹಾಗೆಯೇ ಉಳಿದುಬಿಡುತ್ತವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಈ ವೈದ್ಯವನ್ನು ಬಿಟ್ಟು ಬೇರೆ ದಾರಿ ಇದೆ. ಫೈಲ್ ಹಂಚಿಕೆ ಕೆಟ್ಟಾಗ ಅದು ಯಾವುದೋ ಒಂದು ನಿರ್ದಿಷ್ಟ ಹಂತದಲ್ಲಿ ಕೆಟ್ಟಿರುತ್ತದೆ. ಪರದೆಯ ಮೇಲೆ ಬರುವ ದೋಷಸೂಚನೆ ಎಷ್ಟೇ ಒರಟಾಗಿದ್ದರೂ ಆ ಹಂತದ ಸುಳಿವನ್ನು ಬಹುಮಟ್ಟಿಗೆ ಕೊಟ್ಟೇ ಕೊಡುತ್ತದೆ. ಹಂತ ಯಾವುದೆಂದು ತಿಳಿಯುವ ತನಕ ಒಂದು ಸೆಟ್ಟಿಂಗನ್ನೂ ಮುಟ್ಟದಿರುವುದೇ ಬೇಗ ಮುಗಿಯುವ ದಾರಿ ಎಂಬುದು ಈ ಲೇಖನದ ವಾದ.

ವಿಂಡೋಸ್, ಮ್ಯಾಕ್, ಲಿನಕ್ಸ್ ಬೇರೆ ಬೇರೆ ಕುಲದವು, ಅವಕ್ಕೆ ಹೊಂದಾಣಿಕೆ ಆಗಿಬರುವುದಿಲ್ಲ ಎಂಬ ನಂಬಿಕೆ ಇನ್ನೂ ಇದೆ. ಈಗ ಅದಕ್ಕೆ ಆಧಾರವಿಲ್ಲ. ಮೂರೂ ಇವತ್ತು ಫೈಲ್ ಹಂಚಿಕೊಳ್ಳುವುದು ಎಸ್‌ಎಂಬಿ ಎಂಬ ಒಂದೇ ಭಾಷೆಯಲ್ಲಿ. 1980ರ ದಶಕದ ಮೊದಲ ಭಾಗದಲ್ಲಿ ಐಬಿಎಂನ ಬ್ಯಾರಿ ಫೈಗೆನ್‌ಬಾಮ್ ರೂಪಿಸಿದ ಈ ಭಾಷೆಯನ್ನು ಬೆಳೆಸಿದ್ದು ಮೈಕ್ರೋಸಾಫ್ಟ್. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ವಿದ್ಯಾರ್ಥಿಯಾಗಿದ್ದಾಗ, ತಂತಿಯ ಮೇಲೆ ಹರಿದಾಡುವ ಮಾಹಿತಿಯನ್ನು ನೋಡಿ ನೋಡಿಯೇ ಅದನ್ನು ಕಲಿತು 1992ರ ಹೊತ್ತಿಗೆ ಯುನಿಕ್ಸ್‌ಗೆ ತಂದರು. ಎಸ್, ಎಂ, ಬಿ ಮೂರೂ ಅಕ್ಷರ ಅದೇ ಕ್ರಮದಲ್ಲಿ ಬರುವ ಇಂಗ್ಲಿಷ್ ಪದ ಯಾವುದಿದೆಯೆಂದು ಪದಪಟ್ಟಿಯಲ್ಲಿ ಹುಡುಕಿದಾಗ ಸಿಕ್ಕ ಹೆಸರು ಸಾಂಬಾ. ನಮ್ಮ ಸಾಂಬನಿಗೂ ಅದಕ್ಕೂ ಸಂಬಂಧವಿಲ್ಲ. ಆ್ಯಪಲ್ ಕೂಡ ಬಹುಕಾಲ ಸಾಂಬಾವನ್ನೇ ಬಳಸಿ, 2011ರಲ್ಲಿ ತನ್ನದೇ ತಂತ್ರಾಂಶ ಬರೆದುಕೊಂಡಿತು. 2013ರ ಮ್ಯಾಕ್ ಆವೃತ್ತಿಯಾದ ಮ್ಯಾವೆರಿಕ್ಸ್‌ನಿಂದ ತನ್ನ ಹಳೆಯ ಹಂಚಿಕೆಯ ಭಾಷೆ ಎಎಫ್‌ಪಿಯನ್ನು ಹಿಂದೆ ಸರಿಸಿ ಎಸ್‌ಎಂಬಿಯನ್ನೇ ಮುಂದೆ ಮಾಡಿತು. ಹಾಗಾಗಿ ಭಾಷೆ ಒಂದೇ, ಆಡುವವರು ಮೂವರು. ತೊಡಕು ಹುಟ್ಟುವುದು ಭಾಷೆಯ ತಲೆಮಾರುಗಳಲ್ಲಿ, ಗುರುತು ಕೇಳುವ ರೀತಿಯಲ್ಲಿ, ಒಳಗಿನ ಅನುಮತಿಗಳಲ್ಲಿ. ಭಾಷೆ ಶುರುವಾಗುವ ಮೊದಲೇ, ಒಬ್ಬರು ಇನ್ನೊಬ್ಬರ ಮನೆ ಹುಡುಕುವಾಗಲೂ ಹುಟ್ಟುತ್ತದೆ.

ಆ ಹುಡುಕಾಟದಿಂದಲೇ ಆರಂಭಿಸೋಣ, ಏಕೆಂದರೆ ದೂರುಗಳಲ್ಲಿ ದೊಡ್ಡ ಪಾಲು ಇಲ್ಲಿಯದೇ. 'ನೆಟ್‌ವರ್ಕ್‌ನಲ್ಲಿ ಆ ಕಂಪ್ಯೂಟರ್ ಕಾಣುತ್ತಿಲ್ಲ' ಎಂಬ ಮಾತನ್ನೂ 'ಆ ಕಂಪ್ಯೂಟರ್ ತೆರೆಯುತ್ತಿಲ್ಲ' ಎಂಬ ಮಾತನ್ನೂ ನಾವು ಒಂದೇ ಅರ್ಥದಲ್ಲಿ ಆಡುತ್ತೇವೆ. ಕಂಪ್ಯೂಟರ್‌ಗೆ ಅವು ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಕೆಲಸಗಳು. ಹಿಂದೆ ನೆಟ್‌ಬಯೋಸ್ ಪದ್ಧತಿಯಲ್ಲಿ ಪ್ರತಿ ಕಂಪ್ಯೂಟರೂ 15 ಅಕ್ಷರದೊಳಗಿನ ತನ್ನ ಹೆಸರನ್ನು ಜಾಲದಲ್ಲಿ ಡಂಗುರ ಸಾರುತ್ತಿತ್ತು. ಅವುಗಳಲ್ಲೊಂದು ಎಲ್ಲರ ಹೆಸರಿನ ಪಟ್ಟಿ ಇಟ್ಟುಕೊಳ್ಳುತ್ತಿತ್ತು. ವಿಂಡೋಸ್‌ನಲ್ಲಿ ಆ ಪಟ್ಟಿಯ ವ್ಯವಸ್ಥೆ ಈಗ ಕೈಬಿಟ್ಟಿರುವ ಮೊದಲ ತಲೆಮಾರಿನ ಎಸ್‌ಎಂಬಿ 1ಕ್ಕೆ ಅಂಟಿಕೊಂಡಿದ್ದರಿಂದ ಅದರ ಜೊತೆಯಲ್ಲೇ ಹೋಯಿತು. ಈಗ ವಿಂಡೋಸ್ ನೆರೆಹೊರೆಯನ್ನು ಹುಡುಕುವುದು ಡಬ್ಲ್ಯುಎಸ್-ಡಿಸ್ಕವರಿ ಎಂಬ ಬೇರೆಯೇ ವಿಧಾನದಲ್ಲಿ, ಮ್ಯಾಕ್ ಹುಡುಕುವುದು ಬೊಂಜೂರ್‌ನಲ್ಲಿ, ಲಿನಕ್ಸ್‌ನಲ್ಲಿ ಬೊಂಜೂರ್‌ಗೆ ಉತ್ತರ ಕೊಡುವುದು ಅವಾಹಿ ಎಂಬ ಸೇವೆ. ಸಾಂಬಾ ತಾನಾಗಿ ಡಬ್ಲ್ಯುಎಸ್-ಡಿಸ್ಕವರಿಗೆ ಓಗೊಡುವುದಿಲ್ಲ. ಆದ್ದರಿಂದ ಉಬುಂಟು ಕಂಪ್ಯೂಟರ್ ಮ್ಯಾಕ್‌ನವರಿಗೆ ಕಂಡು ವಿಂಡೋಸ್‌ನವರಿಗೆ ಕಾಣದಿರುವುದು ತೀರಾ ಸಹಜ. ಹಂಚಿಕೆಯಲ್ಲಿ ಏನೂ ಕೆಟ್ಟಿರುವುದಿಲ್ಲ. ಇದನ್ನು ಖಚಿತ ಮಾಡಿಕೊಳ್ಳಲು ಹೆಸರಿನ ಗೊಡವೆ ಬಿಟ್ಟು ಐಪಿ ವಿಳಾಸವನ್ನೇ ಕೊಡಬೇಕು. ವಿಂಡೋಸ್‌ನಲ್ಲಿ ಫೈಲ್ ಎಕ್ಸ್‌ಪ್ಲೋರರ್‌ನ ವಿಳಾಸಪಟ್ಟಿಯಲ್ಲಿ \\192.168.1.20 ಎಂಬ ಮಾದರಿಯಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಮ್ಯಾಕ್‌ನ ಫೈಂಡರ್‌ನಲ್ಲಿ 'ಗೋ' ಮೆನುವಿನ 'ಕನೆಕ್ಟ್ ಟು ಸರ್ವರ್' ಆಯ್ದು, ಎಸ್‌ಎಂಬಿ ಅಕ್ಷರಗಳು, ಒಂದು ಕೋಲನ್, ಎರಡು ಓರೆಗೆರೆ, ಆಮೇಲೆ ವಿಳಾಸ. ತೆರೆದುಕೊಂಡರೆ ಕಾಯಿಲೆ ಹೆಸರು ಹುಡುಕುವುದರಲ್ಲಿ ಮಾತ್ರ. ಉಬುಂಟುವಿನಲ್ಲಿ ಡಬ್ಲ್ಯುಎಸ್‌ಡಿಡಿ ಎಂಬ ಪುಟ್ಟ ಸೇವೆ ಹಾಕಿದರೆ ಅದೂ ಸರಿಹೋಗುತ್ತದೆ. ಅಷ್ಟೂ ಬೇಡವೆಂದರೆ ಆ ವಿಳಾಸಕ್ಕೆ ಒಂದು ಡ್ರೈವ್ ಅಕ್ಷರ ಕೊಟ್ಟು ಮ್ಯಾಪ್ ಮಾಡಿ, ರೂಟರ್‌ನಲ್ಲಿ ಆ ವಿಳಾಸವನ್ನು ಆ ಯಂತ್ರಕ್ಕೇ ಕಾಯ್ದಿರಿಸಿದರೆ ಸಾಕು. ಈ ಒಂದು ಪರೀಕ್ಷೆ ಮಾಡದೆ ಎಸ್‌ಎಂಬಿ 1 ಆನ್ ಮಾಡಿದವರಿಗೆ ಕಂಪ್ಯೂಟರ್ ಪಟ್ಟಿಯಲ್ಲಿ ಕಾಣಿಸಿಕೊಳ್ಳಬಹುದು. ಅದೇ ಅವರ ಸಲಹೆಗೆ ಹೆಸರು ತಂದುಕೊಟ್ಟಿರುವುದು.

ವಿಳಾಸ ಕೊಟ್ಟರೂ ತೆರೆಯದಿದ್ದರೆ ದಾರಿಯಲ್ಲೇ ಅಡ್ಡಿಯಿದೆ ಎಂದು ಶಂಕಿಸಬೇಕು. ವಿಂಡೋಸ್ ಇಲ್ಲಿ ಸಾಮಾನ್ಯವಾಗಿ ತೋರಿಸುವುದು 80070035 ಎಂಬ ಸಂಖ್ಯೆ. ನೋಡಲು ಗಾಬರಿ ಹುಟ್ಟಿಸುವ ಈ ಸಂಖ್ಯೆಯಲ್ಲಿ ಅರ್ಥವಿರುವುದು ಕೊನೆಯ ಎರಡು ಅಂಕಿಗಳಲ್ಲಿ. ಅದು ಹದಿನಾರರ ಲೆಕ್ಕದ 35, ಅಂದರೆ ಮೂರು ಹದಿನಾರು ಮತ್ತು ಐದು, ನಮ್ಮ ಲೆಕ್ಕದಲ್ಲಿ 53. ಹಳೆಯ ಕಾಲದಿಂದಲೂ ವಿಂಡೋಸ್‌ನಲ್ಲಿ 53ನೇ ದೋಷವೆಂದರೆ 'ಆ ವಿಳಾಸದ ತನಕ ತಲುಪಲಾಗಲಿಲ್ಲ'. ಅದೇ 80070005 ಬಂದರೆ 5ನೇ ದೋಷ, 'ತಲುಪಿದೆ, ಒಳಗೆ ಬಿಡಲಿಲ್ಲ'. 67 ಬಂದರೆ ಕಂಪ್ಯೂಟರ್ ಸಿಕ್ಕಿದೆ, ನೀವು ಹೇಳಿದ ಹಂಚಿಕೆಯ ಹೆಸರು ಅಲ್ಲಿಲ್ಲ. ಈ ಮೂರನ್ನು ಬೇರೆ ಬೇರೆ ಗುರುತಿಸಬಲ್ಲವರಿಗೆ ಅರ್ಧ ದಿನದ ಹೆಣಗಾಟ ಉಳಿಯುತ್ತದೆ. ದಾರಿಯನ್ನು ಪರೀಕ್ಷಿಸಲು ಎಲ್ಲರಿಗೂ ನೆನಪಾಗುವುದು ಪಿಂಗ್. ಪಿಂಗ್‌ಗೆ ಉತ್ತರ ಬಂದರೆ ದಾರಿ ಇದೆ; ಬರದಿದ್ದರೆ ದಾರಿ ಇಲ್ಲ ಎನ್ನಲಾಗದು, ಏಕೆಂದರೆ ವಿಂಡೋಸ್ ಫೈರ್‌ವಾಲ್ ಪಿಂಗನ್ನೇ ತಡೆದಿರಬಹುದು. ಎಸ್‌ಎಂಬಿ ಓಡಾಡುವುದು ಟಿಸಿಪಿಯ 445ನೇ ಪೋರ್ಟಿನಲ್ಲಿ. ಆ ಬಾಗಿಲನ್ನೇ ತಟ್ಟಬೇಕು. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್, ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ನೆಟ್‌ಕ್ಯಾಟ್ ಇದಕ್ಕೆಂದೇ ಇವೆ. ಬಾಗಿಲು ಮುಚ್ಚಿದೆ ಎಂದು ಉತ್ತರ ಬಂದರೆ, ಫೈಲ್ ಇರುವ ಕಂಪ್ಯೂಟರ್‌ನಲ್ಲೇ ಕುಳಿತು ಅದರದೇ ವಿಳಾಸವಾದ 127.0.0.1ಕ್ಕೆ ಮತ್ತೆ ತಟ್ಟಿ. ಅಲ್ಲಿ ತೆರೆದರೆ ಹಂಚಿಕೆಯ ಸೇವೆ ಜೀವಂತವಾಗಿದೆ, ತಡೆ ನಡುವೆ ಎಲ್ಲೋ ಇದೆ.

ನಡುವಿನ ತಡೆಗಳಲ್ಲಿ ನಮ್ಮ ಮನೆ, ಕಚೇರಿಗಳಲ್ಲಿ ಹೆಚ್ಚಾಗಿ ಕಾಣುವಂಥವು ನಾಲ್ಕೈದು. ಹೊಸ ರೂಟರ್ ಬಂದಿತೆಂದರೆ ವಿಂಡೋಸ್ ಅದನ್ನು ಅಪರಿಚಿತ ಜಾಲವೆಂದು 'ಪಬ್ಲಿಕ್' ಗುಂಪಿಗೆ ಸೇರಿಸಿಬಿಡುತ್ತದೆ; ಹಂಚಿಕೆಯ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಜಾಲದ ಗುಣವನ್ನು 'ಪ್ರೈವೇಟ್' ಮಾಡಿದರೆ ಮುಗಿಯಿತು, ಫೈರ್‌ವಾಲ್ ಆರಿಸಬೇಕಿಲ್ಲ. ಲ್ಯಾಪ್‌ಟಾಪ್ ಅತಿಥಿಗಳಿಗೆಂದು ಇಟ್ಟಿರುವ ವೈಫೈಗೆ ಸಿಕ್ಕಿಕೊಂಡಿದ್ದರೆ, ಅಥವಾ ರೂಟರ್‌ನಲ್ಲಿ 'ಐಸೋಲೇಷನ್' ಆನ್ ಆಗಿದ್ದರೆ, ಇಂಟರ್ನೆಟ್ ಚೆನ್ನಾಗಿಯೇ ಬರುತ್ತದೆ, ಪಕ್ಕದ ಮೇಜಿನ ಕಂಪ್ಯೂಟರ್ ಮಾತ್ರ ಸಿಗುವುದಿಲ್ಲ. ವಿಪಿಎನ್ ಆನ್ ಇದ್ದರೂ ಹೀಗೇ ಆಗಬಹುದು. ಇನ್ನು ಎರಡು ರೂಟರ್‌ಗಳ ಕಥೆ: ಫೈಬರ್ ಕೊಟ್ಟವರು ಇಟ್ಟುಹೋದ ಪೆಟ್ಟಿಗೆ ಒಂದು, ವೈಫೈ ಸಾಲದೆಂದು ನಾವು ಕೊಂಡು ಅದಕ್ಕೆ ಸಿಕ್ಕಿಸಿದ್ದು ಇನ್ನೊಂದು. ಒಂದರ ಕೆಳಗಿನವು 192.168.1ರ ಸಾಲಿನಲ್ಲೂ ಇನ್ನೊಂದರ ಕೆಳಗಿನವು 192.168.0ರ ಸಾಲಿನಲ್ಲೂ ಇರುತ್ತವೆ. ಇದರ ಲಕ್ಷಣ ವಿಚಿತ್ರ. ಒಳ ರೂಟರ್‌ನವರಿಗೆ ಹೊರ ರೂಟರ್‌ನ ಕಂಪ್ಯೂಟರ್ ತೆರೆಯುತ್ತದೆ, ಹೊರಗಿನವರಿಗೆ ಒಳಗಿನದು ತೆರೆಯುವುದಿಲ್ಲ. ಒಂದೇ ದಿಕ್ಕಿನಲ್ಲಿ ಕೆಲಸ ನಡೆಯುತ್ತಿದ್ದರೆ ಮೊದಲು ಎರಡೂ ಯಂತ್ರಗಳ ವಿಳಾಸ ಓದಿನೋಡಿ. ಎರಡನೆಯ ರೂಟರನ್ನು 'ಆ್ಯಕ್ಸೆಸ್ ಪಾಯಿಂಟ್' ಸ್ಥಿತಿಗೆ ಬದಲಿಸುವುದೇ ಇದಕ್ಕೆ ಮದ್ದು. ಈ ಎಲ್ಲ ಪ್ರಸಂಗಗಳಲ್ಲಿ 'ಎವ್ರಿವನ್'ಗೆ ಅಧಿಕಾರ ಕೊಟ್ಟು, 777 ಹಾಕಿ ಏನು ಪ್ರಯೋಜನ? ಅಷ್ಟು ದೂರ ಯಾರೂ ತಲುಪಿಯೇ ಇಲ್ಲ.

ಬಾಗಿಲು ತಟ್ಟಿದ್ದು ಕೇಳಿಸಿತು ಎಂದಾದರೆ ಎರಡೂ ಕಡೆಯವರು ಯಾವ ತಲೆಮಾರಿನ ಎಸ್‌ಎಂಬಿಯಲ್ಲಿ ಮಾತಾಡುವುದೆಂದು ಒಪ್ಪಂದಕ್ಕೆ ಬರಬೇಕು. ಮೊದಲ ತಲೆಮಾರನ್ನು ಎಲ್ಲರೂ ಕೈಬಿಟ್ಟಿರುವುದರಿಂದ ಈ ಒಪ್ಪಂದ ಮುರಿಯುವುದುಂಟು. 2017ರ ಮೇ 12ರಂದು ವನ್ನಕ್ರೈ ಎಂಬ ಸುಲಿಗೆ ತಂತ್ರಾಂಶ ಹರಡಲು ಶುರುವಾಗಿ ಸುಮಾರು 150 ದೇಶಗಳನ್ನು ತಟ್ಟಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ಹಿಂದೆ ಕಳಿಸಬೇಕಾಯಿತು. ಅದು ಹಾದುಬಂದ ಬಿರುಕು ಇದ್ದದ್ದು ಎಸ್‌ಎಂಬಿಯ ಮೊದಲ ತಲೆಮಾರಿನಲ್ಲಿ. ಮೈಕ್ರೋಸಾಫ್ಟ್ ಅದಕ್ಕೆ ತೇಪೆ ಕೊಟ್ಟು ಆಗಲೇ ಎರಡು ತಿಂಗಳಾಗಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅದೇ ವರ್ಷ ಬಂದ ವಿಂಡೋಸ್ 10ರ 1709ನೇ ಆವೃತ್ತಿಯಿಂದ ಎಸ್‌ಎಂಬಿ 1ರಲ್ಲಿ ಹಂಚುವ ಭಾಗ ತಾನಾಗಿ ಬರುವುದು ನಿಂತಿತು. ಹೋಂ ಮತ್ತು ಪ್ರೊಗಳಲ್ಲಿ ಉಳಿದಿದ್ದ, ಇನ್ನೊಂದನ್ನು ತೆರೆಯುವ ಭಾಗ 15 ದಿನ ಬಳಕೆಯಾಗದಿದ್ದರೆ ತಾನೇ ಕಳಚಿಕೊಳ್ಳುತ್ತಿತ್ತು. ಹೋದ ತಿಂಗಳು ತೆರೆಯುತ್ತಿದ್ದುದು ಯಾರೂ ಏನೂ ಮಾಡದೆ ನಿಂತುಹೋಯಿತು ಎಂಬ ದೂರುಗಳ ಹಿಂದೆ ಹಲವು ಸಲ ಇದ್ದದ್ದು ಇದೇ. ಲಿನಕ್ಸ್ ಕರ್ನೆಲ್ ಅದೇ 2017ರ 4.13ನೇ ಆವೃತ್ತಿಯಲ್ಲಿ ಹಳೆಯ ತಲೆಮಾರಿನಿಂದ ಶುರುಮಾಡುವ ಪದ್ಧತಿ ಕೈಬಿಟ್ಟಿತು. ಸಾಂಬಾ 2019ರ 4.11ರಲ್ಲಿ ಎಸ್‌ಎಂಬಿ 1ನ್ನು ಆರಿಸಿಟ್ಟಿತು. ಈ ಹಂತದ ಜಗಳವನ್ನು ಗುರುತಿಸುವುದು ಕಷ್ಟ, ಏಕೆಂದರೆ ಲಿನಕ್ಸ್ ಇಲ್ಲಿ ಸುಳ್ಳು ಹೇಳುತ್ತದೆ. ಮೌಂಟ್ ಮಾಡುವಾಗ 112ನೇ ದೋಷ, 'ಹೋಸ್ಟ್ ಈಸ್ ಡೌನ್' ಎಂದು ಬರುತ್ತದೆ. ಆ ಕಂಪ್ಯೂಟರ್ ಎದುರಿಗೇ ದೀಪ ಉರಿಸಿಕೊಂಡು ಕೂತಿರುತ್ತದೆ. 445ರ ಬಾಗಿಲು ತೆರೆದಿದ್ದೂ ಈ ಮಾತು ಬಂದರೆ, ಒಬ್ಬರ ತಲೆಮಾರು ಇನ್ನೊಬ್ಬರಿಗೆ ಒಪ್ಪಿಗೆಯಾಗಿಲ್ಲ ಎಂದು ತಿಳಿಯಬಹುದು.

ಇಲ್ಲಿ ಎರಡು ಆಕ್ಷೇಪಗಳನ್ನು ಕೇಳಬೇಕು. ನಾಲ್ಕು ಗೋಡೆಯೊಳಗಿನ ನಾಲ್ಕು ಕಂಪ್ಯೂಟರ್, ಯಾವ ಕಳ್ಳ ಬರುತ್ತಾನೆ, ಎಸ್‌ಎಂಬಿ 1 ಇದ್ದರೇನು ಎಂಬುದು ಮೊದಲನೆಯದು. ವನ್ನಕ್ರೈ ಹರಡಿದ ರೀತಿಯೇ ಇದಕ್ಕೆ ಉತ್ತರ. ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ. ಸೋಂಕು ತಗಲಿದ ಒಂದು ಲ್ಯಾಪ್‌ಟಾಪ್ ಒಳಜಾಲಕ್ಕೆ ಸೇರಿದರೆ ಅದು ತಾನೇ 445ರ ಬಾಗಿಲುಗಳನ್ನು ಹುಡುಕಿಕೊಂಡು ಹೋಗುತ್ತಿತ್ತು. ಗೋಡೆ ಕಾಯುವುದು ಹೊರಗಿನವರಿಂದ, ಆದರೆ ಲ್ಯಾಪ್‌ಟಾಪ್‌ಗಳು ದಿನವೂ ಹೊರಗೆ ಹೋಗಿ ಬರುತ್ತವೆ. ಎರಡನೆಯ ಆಕ್ಷೇಪಕ್ಕೆ ತೂಕ ಹೆಚ್ಚು: ಹತ್ತು ವರ್ಷದ ಹಿಂದಿನ ಜೆರಾಕ್ಸ್-ಸ್ಕ್ಯಾನರ್ ಯಂತ್ರ, ಹಳೆಯ ಎನ್‌ಎಎಸ್ ಪೆಟ್ಟಿಗೆ, ಮುದ್ರಣಾಲಯದ ಪ್ಲೇಟ್ ಯಂತ್ರದ ಜೊತೆ ಬಂದ ವಿಂಡೋಸ್ ಎಕ್ಸ್‌ಪಿ ಇವಕ್ಕೆ ಬೇರೆ ತಲೆಮಾರು ಬರುವುದೇ ಇಲ್ಲ, ಲಕ್ಷಾಂತರದ ಯಂತ್ರವನ್ನು ಎಸೆಯಲಾದೀತೇ? ಎಸೆಯಬೇಕಿಲ್ಲ. ಮೊದಲು ಫರ್ಮ್‌ವೇರ್ ಹೊಸದಿದೆಯೇ ನೋಡಬೇಕು. ಸ್ಕ್ಯಾನರ್‌ಗಳಿಗೆ ಎಫ್‌ಟಿಪಿ ಅಥವಾ ಇಮೇಲ್‌ಗೆ ಕಳಿಸುವ ಸೌಲಭ್ಯ ಬಹುತೇಕ ಇದ್ದೇ ಇರುತ್ತದೆ. ಯಾವುದೂ ಆಗದಿದ್ದರೆ ಮುಖ್ಯ ಫೈಲ್‌ಗಳಿಲ್ಲದ ಒಂದೇ ಒಂದು ಲಿನಕ್ಸ್ ಯಂತ್ರದಲ್ಲಿ, ಆ ಒಂದು ವಿಳಾಸಕ್ಕೆ ಮಾತ್ರ, ಹಳೆಯ ತಲೆಮಾರನ್ನು ಅನುಮತಿಸಿ ಅಲ್ಲಿಂದ ಫೈಲ್ ಎತ್ತಿಕೊಳ್ಳಬಹುದು. ಒಬ್ಬ ಮುದುಕನಿಗೆ ಹೊಸ ಭಾಷೆ ಬಾರದೆಂದು ಮನೆಮಂದಿಯೆಲ್ಲ ಬಾಗಿಲು ತೆರೆದಿಟ್ಟು ಮಲಗಬೇಕಿಲ್ಲ.

ಗುರುತಿನ ಹಂತ ಇನ್ನೂ ಗೋಜಲು. 'ಪಾಸ್‌ವರ್ಡ್ ಸರಿಯಾಗಿಯೇ ಕೊಡುತ್ತಿದ್ದೇನೆ' ಎನ್ನುವವರು ಸಾಮಾನ್ಯವಾಗಿ ನಿಜವನ್ನೇ ಹೇಳುತ್ತಿರುತ್ತಾರೆ. ಅದು ಬೇರೆ ಬೀಗದ ಕೀಲಿ ಆಗಿರುತ್ತದೆ ಅಷ್ಟೆ. ವಿಂಡೋಸ್‌ಗೆ ದಿನವೂ ಒಳಹೊಗಲು ಒತ್ತುವ ನಾಲ್ಕಂಕಿಯ ಪಿನ್ ಆ ಯಂತ್ರಕ್ಕೆ ಮಾತ್ರ ಸೀಮಿತ, ಜಾಲದ ಮೂಲಕ ನಡೆಯುವುದಿಲ್ಲ. ಮೈಕ್ರೋಸಾಫ್ಟ್ ಖಾತೆಯಿದ್ದರೆ ಹೆಸರಿನ ಜಾಗದಲ್ಲಿ ಪೂರ್ತಿ ಇಮೇಲ್ ವಿಳಾಸ, ಪಾಸ್‌ವರ್ಡ್ ಜಾಗದಲ್ಲಿ ಆ ಖಾತೆಯ ಪಾಸ್‌ವರ್ಡ್ ಕೊಡಬೇಕು. ಪಾಸ್‌ವರ್ಡೇ ಇಲ್ಲದ ಖಾತೆಯನ್ನು ವಿಂಡೋಸ್ ಎದುರು ಕುಳಿತವರಿಗೆ ಮಾತ್ರ ತೆರೆಯುತ್ತದೆ, ದೂರದವರನ್ನು ಬಿಡುವುದಿಲ್ಲ. ಸಾಂಬಾ ತನ್ನದೇ ಪಾಸ್‌ವರ್ಡ್ ಪಟ್ಟಿ ಇಟ್ಟುಕೊಂಡಿರುತ್ತದೆ. ಉಬುಂಟುವಿನ ಲಾಗಿನ್ ಪಾಸ್‌ವರ್ಡ್ ಅಲ್ಲಿಗೆ ತಾನಾಗಿ ಹೋಗುವುದಿಲ್ಲ, ಎಸ್‌ಎಂಬಿ-ಪಾಸ್‌ಡಬ್ಲ್ಯುಡಿ (smbpasswd) ಎಂಬ ಆಜ್ಞೆಯಿಂದ ಸೇರಿಸಬೇಕು. ಮ್ಯಾಕ್‌ನಲ್ಲಿ ಫೈಲ್ ಶೇರಿಂಗ್ ಆನ್ ಮಾಡಿದರಷ್ಟೇ ಸಾಲದು, ಅದರ 'ಆಪ್ಷನ್ಸ್' ಒಳಗೆ ವಿಂಡೋಸ್ ಹಂಚಿಕೆಯ ಪಟ್ಟಿಯಲ್ಲಿ ಆಯಾ ಬಳಕೆದಾರರ ಹೆಸರಿಗೆ ಗುರುತು ಹಾಕಿ ಪಾಸ್‌ವರ್ಡ್ ಮತ್ತೊಮ್ಮೆ ಕೊಡಬೇಕು. ಇದೊಂದು ಪೆಟ್ಟಿಗೆ ಬಹಳ ಜನರ ಕಣ್ಣಿಗೆ ಬೀಳುವುದೇ ಇಲ್ಲ. ಮೂರೂ ಕಡೆ ಹಂಚಿಕೆಗೆಂದೇ ಒಂದು ಪ್ರತ್ಯೇಕ ಸ್ಥಳೀಯ ಖಾತೆ, ಅದಕ್ಕೊಂದು ಗಟ್ಟಿ ಪಾಸ್‌ವರ್ಡ್ ಮಾಡಿಕೊಂಡರೆ ಇವುಗಳಲ್ಲಿ ಬಹುತೇಕ ತಲೆನೋವು ಹುಟ್ಟುವುದೇ ಇಲ್ಲ.

ಸಡಿಲಿಕೆಯ ವೈದ್ಯ ಹೇಗೆ ದಾರಿ ತಪ್ಪಿಸುತ್ತದೆಂಬುದಕ್ಕೆ ಈ ಹಂತದಲ್ಲೇ ಒಳ್ಳೆಯ ಸಾಕ್ಷಿಯಿದೆ. ಉಬುಂಟುವಿನ ಸಾಂಬಾ ಸಂರಚನೆಯಲ್ಲಿ, ಪಟ್ಟಿಯಲ್ಲಿಲ್ಲದ ಹೆಸರಿನಿಂದ ಬಂದವರನ್ನು ಅತಿಥಿಯೆಂದು ಒಳಗೆ ಬಿಡುವ ಒಂದು ಸಾಲು ಮೊದಲಿನಿಂದಲೇ ಇರುತ್ತದೆ. ವಿಂಡೋಸ್‌ಗೆ ಯಾವ ಹೆಸರನ್ನೂ ಹೇಳದಿದ್ದರೆ ಅದು ತನ್ನ ಲಾಗಿನ್ ಹೆಸರನ್ನೇ ಕಳಿಸುತ್ತದೆ. ಆ ಹೆಸರು ಸಾಂಬಾದ ಪಟ್ಟಿಯಲ್ಲಿಲ್ಲ, ಆದ್ದರಿಂದ ಸಾಂಬಾ 'ಅತಿಥಿಯಾಗಿ ಬಾ' ಎನ್ನುತ್ತದೆ. ವಿಂಡೋಸ್ 11 ಪ್ರೊ 2024ರ ಅಕ್ಟೋಬರ್‌ನ 24ಎಚ್2 ಆವೃತ್ತಿಯಿಂದ ಅತಿಥಿಯಾಗಿ ಹೋಗುವುದನ್ನು ತಾನೇ ನಿರಾಕರಿಸುತ್ತದೆ, ಪ್ರತಿ ಮಾತಿಗೂ ಡಿಜಿಟಲ್ ಸಹಿ ಬೇಕೆನ್ನುತ್ತದೆ. ಪಾಸ್‌ವರ್ಡ್ ಇಲ್ಲದ ಅತಿಥಿಯ ಮಾತಿಗೆ ಸಹಿ ಹಾಕಲು ಕೀಲಿಯೇ ಇರುವುದಿಲ್ಲ. ಆಗ ಪರದೆಯ ಮೇಲೆ ಬರುವುದು 'ನಿಮ್ಮ ಸಂಸ್ಥೆಯ ಭದ್ರತಾ ನೀತಿ ಗುರುತಿಲ್ಲದ ಅತಿಥಿಗಳನ್ನು ತಡೆಯುತ್ತಿದೆ' ಎಂಬರ್ಥದ, 1272ನೇ ದೋಷ. ಓದಿದವರು ನೀತಿಯನ್ನು ಹುಡುಕಿಕೊಂಡು ಹೋಗಿ, ರಿಜಿಸ್ಟ್ರಿ ತಿದ್ದಿ, ಸಹಿಯನ್ನೂ ಆರಿಸಿಬಿಡುತ್ತಾರೆ. ಫೋಲ್ಡರ್ ತೆರೆಯುತ್ತದೆ, ಆದರೆ ಅತಿಥಿಯಾಗಿ. ಮರುದಿನ ಫೈಲ್ ಉಳಿಸಲು ಆಗುತ್ತಿಲ್ಲವೆಂಬ ಹೊಸ ದೂರು ಬರುತ್ತದೆ, ಆಗ 777 ಹಾಕುತ್ತಾರೆ. ಮಾಡಬೇಕಿದ್ದದ್ದು ಸಂಪರ್ಕಿಸುವಾಗ ಸಾಂಬಾದಲ್ಲಿರುವ ಹೆಸರನ್ನೇ ಬರೆಯುವುದು, ಇಷ್ಟೇ. ಇದೇ ಸಾಲಿನಲ್ಲಿ 1219ನೇ ದೋಷವನ್ನೂ ಹೇಳಿಬಿಡಬೇಕು. ವಿಂಡೋಸ್ ಒಂದೇ ಕಂಪ್ಯೂಟರ್‌ಗೆ ಒಂದೇ ಹೊತ್ತಿನಲ್ಲಿ ಎರಡು ಹೆಸರಿನಿಂದ ಹೋಗುವುದಿಲ್ಲ. ಹಳೆಯ ತಪ್ಪು ಹೆಸರಿನ ಸಂಪರ್ಕ ಹಿನ್ನೆಲೆಯಲ್ಲಿ ಉಳಿದಿದ್ದರೆ ಸರಿಯಾದ ಹೆಸರು ಕೊಟ್ಟರೂ ಒಪ್ಪದು. ನೆಟ್ ಯೂಸ್ ಆಜ್ಞೆಯಿಂದ ಹಳೆಯದನ್ನು ಕಡಿದು, ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಕೂತಿರುವ ಹಳೆಯ ಪಾಸ್‌ವರ್ಡ್ ಅಳಿಸಿ, ಮತ್ತೆ ಪ್ರಯತ್ನಿಸಬೇಕು.

ಒಳಗೆ ಬಂದ ಮೇಲೂ ಅನುಮತಿ ಎರಡು ಕಡೆ ಇರುತ್ತದೆ ಎಂಬುದನ್ನು ಮರೆಯುವಂತಿಲ್ಲ. ವಿಂಡೋಸ್‌ನಲ್ಲಿ ಹಂಚಿಕೆಯ ಅನುಮತಿ ಒಂದು, ಡಿಸ್ಕಿನ ಮೇಲಿನ ಅನುಮತಿ ಇನ್ನೊಂದು. ಎರಡರಲ್ಲಿ ಬಿಗಿಯಾದದ್ದೇ ಗೆಲ್ಲುತ್ತದೆ. ಸಾಂಬಾದಲ್ಲೂ ಹಾಗೆಯೇ, ಜೊತೆಗೆ ಬೇರೆ ಏನೂ ಹೇಳದಿದ್ದರೆ ಹಂಚಿಕೆ ಓದಲು ಮಾತ್ರ. 777 ಎಂಬ ರಾಮಬಾಣ ಇಲ್ಲಿ ನಾಟುವುದಿಲ್ಲ ಎಂಬುದೇ ಸ್ವಾರಸ್ಯ. ಉಬುಂಟು 21.04ರಿಂದ ಹೊಸದಾಗಿ ಮಾಡಿದ ಬಳಕೆದಾರರ ಮನೆ-ಫೋಲ್ಡರ್ ಬೇರೆಯವರಿಗೆ ಮುಚ್ಚಿರುತ್ತದೆ, ಅದರ ಅಂಕಿ 750. ಮನೆಯ ತಲೆಬಾಗಿಲು ಹಾಕಿದ್ದಾಗ ಒಳಗಿನ ಕೋಣೆಗೆ 777 ಹಾಕಿದರೆ ಯಾರು ಹೊಕ್ಕಾರು? ಫೆಡೋರಾದಂಥ ವ್ಯವಸ್ಥೆಗಳಲ್ಲಿ ಎಸ್‌ಇ-ಲಿನಕ್ಸ್ ಎಂಬ ಕಾವಲುಗಾರನಿದ್ದಾನೆ. ಫೋಲ್ಡರ್‌ಗೆ ಸಾಂಬಾದ ಲೇಬಲ್ ಇಲ್ಲದಿದ್ದರೆ ಅಂಕಿ ಯಾವುದಿದ್ದರೂ ಅವನು ಒಪ್ಪುವುದಿಲ್ಲ. ಹಂಚುವ ಫೋಲ್ಡರನ್ನು ಯಾರ ಮನೆಯೊಳಗೂ ಇಡದೆ ಪ್ರತ್ಯೇಕ ಜಾಗದಲ್ಲಿಟ್ಟು, ಒಂದು ಗುಂಪು ಮಾಡಿ, ಆ ಗುಂಪಿನ ಹೆಸರಿನಲ್ಲೇ ಹೊಸ ಫೈಲ್‌ಗಳು ಹುಟ್ಟುವಂತೆ 2770 ಹಾಕುವುದು ಸರಿಯಾದ ಕ್ರಮ. ಒಬ್ಬರು ಮಾಡಿದ ಫೈಲನ್ನು ಇನ್ನೊಬ್ಬರು ತಿದ್ದಬೇಕಾದರೆ, ಹೊಸ ಫೈಲುಗಳಿಗೆ ಗುಂಪಿನವರು ಬರೆಯುವ ಅನುಮತಿಯೂ ಸಿಗುವಂತೆ ಸಾಂಬಾಗೆ ಹೇಳಿಡಬೇಕು.

ಕೊನೆಯ ಹಂತ ಫೈಲಿನ ಹೆಸರು. ಇಲ್ಲಿ ಕನ್ನಡದಲ್ಲಿ ಹೆಸರಿಡುವವರಿಗೆ ಬೇರೆಯವರಿಗಿಲ್ಲದ ತೊಡಕುಗಳಿವೆ. ಒಂದು ಅನುಕೂಲವೂ ಇದೆ. ಲಿನಕ್ಸ್‌ಗೆ ದೊಡ್ಡಕ್ಷರ, ಸಣ್ಣಕ್ಷರದ ಹೆಸರುಗಳು ಬೇರೆ ಬೇರೆ, ವಿಂಡೋಸ್‌ಗೆ ಒಂದೇ. ಇಂಗ್ಲಿಷ್ ಹೆಸರಿನವರನ್ನು ಕಾಡುವ ಈ ಪೀಡೆ ಕನ್ನಡದವರಿಗಿಲ್ಲ, ನಮ್ಮಲ್ಲಿ ಆ ಭೇದವೇ ಇಲ್ಲ. ಆದರೆ 'ಕೋಲಾರ' ಎಂಬ ಹೆಸರಿನ ಎರಡು ಫೋಲ್ಡರ್‌ಗಳು ಪಕ್ಕಪಕ್ಕದಲ್ಲಿ ಕಂಡರೆ ಬೆಚ್ಚಬೇಡಿ. ಯುನಿಕೋಡ್‌ನಲ್ಲಿ ಓತ್ವದ ದೀರ್ಘವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘದ ಗುರುತು ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕುಗಳು ಹೆಸರನ್ನು ಬಿಡಿಸಿಯೇ ಇಡುತ್ತಿದ್ದವು. ವಿಂಡೋಸ್‌ನಲ್ಲಿ ಟೈಪ್ ಮಾಡಿದ್ದು ಸಾಮಾನ್ಯವಾಗಿ ಕೂಡಿದ ರೂಪದಲ್ಲಿರುತ್ತದೆ. ಲಿನಕ್ಸ್ ಎರಡನ್ನೂ ಬೇರೆ ಬೇರೆ ಹೆಸರೆಂದು ತಿಳಿದು ಎರಡಕ್ಕೂ ಜಾಗ ಕೊಡುತ್ತದೆ. ಬೀದರಿನ ದೀರ್ಘಕ್ಕೂ ಬೇಲೂರಿನ ಏತ್ವಕ್ಕೂ ಇದೇ ಗತಿ, ಹಾಸನ ಮಾತ್ರ ಸುರಕ್ಷಿತ. ಹಳೆಯ ಮ್ಯಾಕ್ ಡಿಸ್ಕಿನಿಂದ ಲಿನಕ್ಸ್‌ಗೆ ನಕಲು ಮಾಡುವಾಗ ಆರ್‌ಸಿಂಕ್‌ನಲ್ಲಿ ಹೆಸರಿನ ರೂಪ ಬದಲಿಸುವ ಆಯ್ಕೆ ಬಳಸುವುದು ಒಳ್ಳೆಯದು. ಅರ್ಧಾಕ್ಷರ ಬಿಡಿಯಾಗಿ ನಿಲ್ಲಲೆಂದು ಟೈಪ್ ಮಾಡುವವರು ಹಾಕುವ ಕಾಣದ ಚಿಹ್ನೆಯೂ ಇಂಥದೇ. ಹೆಸರಿನ ಕೊನೆಯಲ್ಲಿ ಉಳಿದುಕೊಂಡರೆ ಹುಡುಕಿದರೂ ಫೈಲ್ ಸಿಗುವುದಿಲ್ಲ, ನೋಡಿದರೆ ತಪ್ಪು ಕಾಣುವುದಿಲ್ಲ.

ಉದ್ದದ ಲೆಕ್ಕವೂ ನಮಗೆ ದುಬಾರಿ. ಲಿನಕ್ಸ್ ಒಂದು ಹೆಸರಿಗೆ 255 ಬೈಟ್ ಕೊಡುತ್ತದೆ, ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಚಿಹ್ನೆಗೆ ಮೂರು. 'ಗ್ರಾಮ' ಎಂಬುದು ನಮಗೆ ಎರಡಕ್ಷರ, ಕಂಪ್ಯೂಟರ್‌ಗೆ ಗ, ವಿರಾಮ, ರ, ದೀರ್ಘ, ಮ ಎಂದು ಐದು ಚಿಹ್ನೆ, 15 ಬೈಟ್. 'ಗ್ರಾಮ ಪಂಚಾಯಿತಿ ಸಾಮಾನ್ಯ ಸಭೆಯ ನಡಾವಳಿ ಮತ್ತು ಹಾಜರಾತಿ ಪಟ್ಟಿ' ಎಂಬ ಹೆಸರು 148 ಬೈಟ್ ತಿನ್ನುತ್ತದೆ. ಸಾಧಾರಣ ಡಿಸ್ಕಿನಲ್ಲಿ ಅದು ಹಿಡಿಸುತ್ತದೆ. ಇಕ್ರಿಪ್ಟ್‌ಎಫ್‌ಎಸ್ ವಿಧಾನದಿಂದ ಗೂಢಲಿಪಿ ಮಾಡಿದ ಫೋಲ್ಡರ್‌ಗಳಲ್ಲಿ ಮಿತಿ 143, ಅಲ್ಲಿ ಹಿಡಿಸುವುದಿಲ್ಲ. ವಿಂಡೋಸ್ ಚಿಹ್ನೆಗಳನ್ನು ಎಣಿಸುತ್ತದೆಯೇ ಹೊರತು ಬೈಟುಗಳನ್ನಲ್ಲ, ಆದ್ದರಿಂದ ತನ್ನಲ್ಲಿ ಸರಿಯಾಗಿದ್ದ ಫೈಲ್ ಹಂಚಿಕೆಗೆ ಮಾತ್ರ ಏಕೆ ಹೋಗದೆಂದು ಅದರ ಬಳಕೆದಾರರಿಗೆ ಅರ್ಥವಾಗುವುದಿಲ್ಲ. ಇದರ ಜೊತೆಗೆ ಎಲ್ಲರಿಗೂ ಇರುವ ನಿಯಮ: ಪ್ರಶ್ನಾರ್ಥಕ, ಕೋಲನ್, ನಕ್ಷತ್ರ, ಉದ್ಧರಣ ಚಿಹ್ನೆ ಇರುವ ಹೆಸರನ್ನು ವಿಂಡೋಸ್ ಒಪ್ಪುವುದಿಲ್ಲ, ಲಿನಕ್ಸ್‌ನಲ್ಲಿ ಅಂಥ ಹೆಸರಿಟ್ಟರೆ ಸಾಂಬಾ ಅದಕ್ಕೆ ಗುರುತೇ ಸಿಗದ ಅಡ್ಡಹೆಸರು ಕೊಟ್ಟು ವಿಂಡೋಸ್‌ಗೆ ತೋರಿಸುತ್ತದೆ.

ಇಷ್ಟೆಲ್ಲ ಯಾಕೆ, ಪೆನ್‌ಡ್ರೈವ್ ಇಲ್ಲವೇ, ಗೂಗಲ್ ಡ್ರೈವ್ ಇಲ್ಲವೇ ಎಂದು ಕೇಳುವವರಿದ್ದಾರೆ. ಒಂದು ಫೈಲ್ ಒಮ್ಮೆ ದಾಟಿಸುವುದಿದ್ದರೆ ಅವರ ಮಾತು ಸರಿ, ಮೂಗಿಗಿಂತ ಮೂಗುತಿ ಭಾರ ಆಗಬಾರದು. ಆದರೆ ಒಂದೇ ಪುಸ್ತಕದ ಪುಟಗಳನ್ನು ಮೂವರು ತಿದ್ದುವಲ್ಲಿ ಪೆನ್‌ಡ್ರೈವ್ ಮೂರು ಪ್ರತಿಗಳನ್ನು ಹುಟ್ಟಿಸುತ್ತದೆ, ಯಾವುದು ಕೊನೆಯದೆಂಬ ಜಗಳ ಹಚ್ಚುತ್ತದೆ. ಫ್ಯಾಟ್ 32 ಮಾದರಿಯದಾದರೆ 4 ಜಿಬಿ ದಾಟಿದ ಫೈಲನ್ನು ತೆಗೆದುಕೊಳ್ಳುವುದೂ ಇಲ್ಲ. ಮೋಡದ ಸಂಗ್ರಹಕ್ಕೆ ಇಂಟರ್ನೆಟ್ ಬೇಕು. ಗಿಗಾಬಿಟ್ ತಂತಿಯಲ್ಲಿ ಸೆಕೆಂಡಿಗೆ 100 ಎಂಬಿಗೂ ಹೆಚ್ಚು ಸಾಗುವ ಫೈಲನ್ನು ಊರಾಚೆ ಕಳಿಸಿ ಮತ್ತೆ ಪಕ್ಕದ ಮೇಜಿಗೆ ತರಿಸಿಕೊಳ್ಳುವುದು ಸುತ್ತುಬಳಸಿನ ದಾರಿ.

ಈಗಾಗಲೇ ಐದೂ ಸಲಹೆ ಪಾಲಿಸಿ ಕೆಲಸ ನಡೆಸುತ್ತಿರುವವರು ಹಿಂದಕ್ಕೆ ನಡೆಯಬಹುದು. ಸಡಿಲಿಸಿದ್ದನ್ನು ಒಂದೊಂದಾಗಿ, ದಿನಕ್ಕೊಂದರಂತೆ, ಮೊದಲಿನ ಸ್ಥಿತಿಗೆ ತನ್ನಿ: ಮೊದಲು ಫೈರ್‌ವಾಲ್, ಆಮೇಲೆ ಎಸ್‌ಎಂಬಿ 1, ಅತಿಥಿ ಪ್ರವೇಶ, ಕೊನೆಗೆ ಫೋಲ್ಡರಿನ ಅನುಮತಿಗಳು. ಪ್ರತಿ ಬಾರಿಯೂ ಮೂರೂ ಕಂಪ್ಯೂಟರ್‌ಗಳನ್ನು ಮತ್ತೆ ಶುರುಮಾಡಿ ಫೋಲ್ಡರ್ ತೆರೆದು, ಅದರಲ್ಲೊಂದು ಹೊಸ ಫೈಲ್ ಉಳಿಸಿ ನೋಡಬೇಕು. ಹೆಚ್ಚಿನವಕ್ಕೆ ಏನೂ ಆಗುವುದಿಲ್ಲ. ಯಾವುದನ್ನು ಬಿಗಿದ ದಿನ ಹಂಚಿಕೆ ನಿಲ್ಲುತ್ತದೋ ಮೊದಲ ದಿನ ಕೆಟ್ಟಿದ್ದ ಹಂತವೂ ಬಹುಶಃ ಅದೇ. ಅಂದು ಪರದೆಯ ಮೇಲೆ ಬಂದ ಸಂಖ್ಯೆಯನ್ನು ಮುಚ್ಚಿಬಿಡುವ ಮೊದಲು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.